ಸದ್ದಿಲ್ಲದ ಗಾಡಿಯ ಗೇರು

ವಿದ್ಯುತ್ ವಾಹನ ಬಂದರೆ ನಮ್ಮ ಕೆಲಸ ಮುಗಿದಂತೆಯೇ ಎಂಬ ಆತಂಕ ಬೆಂಗಳೂರಿನ ಪೀಣ್ಯದ ಗೇರ್ ಕಟಿಂಗ್ ಶೆಡ್‌ಗಳಲ್ಲಿ ಸಹಜ. ಪೆಟ್ರೋಲ್ ಎಂಜಿನ್ ಒಂದು ಮಿತಿಯ ವೇಗದಲ್ಲಷ್ಟೇ ಚೆನ್ನಾಗಿ ಎಳೆಯುತ್ತದೆ. ಅದಕ್ಕೇ ಐದಾರು ಗೇರು, ಕ್ಲಚ್ಚು. ಮೋಟರು ಹಾಗಲ್ಲ, ನಿಂತಲ್ಲಿಂದಲೇ ಪೂರ್ತಿ ಬಲ ಹಾಕುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ರೇವಾ ಕಾರಿನಿಂದ ಹಿಡಿದು ಇಂದಿನ ಬಹುತೇಕ ವಿದ್ಯುತ್ ಕಾರುಗಳವರೆಗೆ ಎಲ್ಲಕ್ಕೂ ಒಂದೇ ಗೇರು ಸಾಕಾಗಿದೆ. ಟಿವಿಎಸ್ ಐಕ್ಯೂಬ್ ಸ್ಕೂಟರಿನಲ್ಲಂತೂ ಮೋಟರು ಹಿಂದಿನ ಚಕ್ರದೊಳಗೇ ಕೂತಿದೆ.

ಆದರೆ ಗೇರಿಗೆ ಮುಂದೆ ಎಷ್ಟು ಬೇಡಿಕೆ ಇರುತ್ತದೆ ಎಂದು ತಿಳಿಯಲು, ಮಾರಾಟವಾಗುವ ಗಾಡಿಗಳನ್ನು ಎಣಿಸಿ ಗೇರಿನ ಸಂಖ್ಯೆಯಿಂದ ಗುಣಿಸಿಬಿಟ್ಟರೆ ಮಾರುಕಟ್ಟೆ ಅಧ್ಯಯನವಾಗುವುದಿಲ್ಲ. ಆ ಒಂದು ಗೇರನ್ನು ಕೈಗೆತ್ತಿಕೊಂಡು ನೋಡಬೇಕು. ಕಾರಿನ ಮೋಟರು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಆ ವೇಗವನ್ನು ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿ ಚಕ್ರಕ್ಕೆ ಮುಟ್ಟಿಸಬೇಕು. ಮೊದಲಾದರೆ ಗೇರಿನ ಸದ್ದು ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ಈಗ ಹಲ್ಲು ಕೆಲವೇ ಮೈಕ್ರಾನ್ ಏರುಪೇರಾದರೂ ಕೀರಲು ಸದ್ದು ಒಳಗೆ ಕೂತವರ ಕಿವಿಗೆ ಬೀಳುತ್ತದೆ. ಹಾಬಿಂಗ್ ಮಾಡಿ ಹಲ್ಲು ಕೊರೆದ ಗೇರು ಹೀಟ್ ಟ್ರೀಟ್‌ಮೆಂಟಿನಲ್ಲಿ ಗಟ್ಟಿಯಾಗುತ್ತದೆ, ಜೊತೆಗೆ ತುಸು ಸೊಟ್ಟಗೂ ಆಗುತ್ತದೆ. ಆಮೇಲೆ ಹಲ್ಲುಹಲ್ಲನ್ನೂ ಗ್ರೈಂಡಿಂಗ್ ಮಾಡಿ ಸರಿಪಡಿಸಬೇಕು. ಗ್ರೈಂಡಿಂಗ್ ಮಾಡುವ ಯಂತ್ರ ಬಲು ದುಬಾರಿ, ಸಣ್ಣ ಶೆಡ್ಡಿನವರಿಗೆ ಸುಲಭವಾಗಿ ಎಟುಕುವಂಥದ್ದಲ್ಲ. ಇಂಥ ಅಧ್ಯಯನದ ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಗ್ರೈಂಡಿಂಗ್ ಯಂತ್ರ ಎಷ್ಟು ಜನರ ಬಳಿ ಇದೆ, ಇಲ್ಲದವರಿಗೆ ಸಾಲ ಕೊಡುವವರು ಯಾರು?

ಎಲ್ಲ ಗಾಡಿಗೂ ಒಂದೇ ಗೇರು ಎಂಬುದೂ ಪೂರ್ತಿ ನಿಜವಲ್ಲ. 2019ರಲ್ಲಿ ಪೋರ್ಷೆ ತನ್ನ ಟೈಕಾನ್ ಕಾರಿನ ಹಿಂದಿನ ಆಕ್ಸಲ್ಲಿಗೆ ಎರಡು ಗೇರು ಕೊಟ್ಟಿತು. ಅದು ವೇಗದ ಆಸೆ. ನನಗೆ ಮುಖ್ಯವೆನಿಸುವುದು 2025ರಲ್ಲಿ ಬಂದ ಬಜಾಜ್ ಗೋಗೋ ಆಟೋ. ಅದರಲ್ಲೂ ಎರಡು ಗೇರುಗಳಿವೆ, ತಾವಾಗಿಯೇ ಬದಲಾಗುತ್ತವೆ. ಮೂವರನ್ನು ಕೂರಿಸಿಕೊಂಡು ಏರು ಹತ್ತುವಾಗ ಕೆಳಗಿನ ಗೇರು ಇದ್ದರೆ ಮೋಟರಿನ ಮೇಲೆ ಅಷ್ಟು ಹೊರೆ ಬೀಳುವುದಿಲ್ಲ, ಅದು ಎಳೆಯುವ ಕರೆಂಟೂ ಕಡಿಮೆ, ಕಾಯುವುದೂ ಕಡಿಮೆ. ದಿನದ ದುಡಿಮೆಯನ್ನೇ ನಂಬಿದ ಚಾಲಕನಿಗೆ ಇದು ನೇರವಾಗಿ ತಟ್ಟುವ ಲೆಕ್ಕ.

ಹಾಗಾಗಿ ಮಾರುಕಟ್ಟೆ ಸಮೀಕ್ಷೆಗೆ ಹೊರಟವರು ಮಂಗಳೂರಿನ, ಮಡಿಕೇರಿಯ ಆಟೋ ಸ್ಟ್ಯಾಂಡಿಗೂ ಹೋಗಬೇಕು. ಗಾಡಿ ಯಾವ ಏರಿನಲ್ಲಿ, ಎಷ್ಟು ಲೋಡಿಗೆ ತಿಣುಕುತ್ತದೆ ಎಂದು ಕೇಳಿ ಬರೆದುಕೊಂಡು, ಅದನ್ನು ಪೀಣ್ಯದ ಶೆಡ್ಡಿನವರ ಕೈಗೂ ಕೊಡಬೇಕು. ಯಾವ ಗೇರು ಮಾಡಬೇಕೆಂಬುದನ್ನು ಅವರೇ ಲೆಕ್ಕ ಹಾಕುತ್ತಾರೆ.