ಕಮ್ಮಿ ಆಗಿದ್ದು ಏನು?

ನಾನು ಕೆಲಸ ಮಾಡುವ ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳೆದ ತಿಂಗಳು ಡ್ರೈ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯೊಂದು ಬಂತು. ಒಳಗಿನ ಪುಟ್ಟ ಟ್ಯೂಬಿನಲ್ಲಿ ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್-2 ಎಂಬ ಕಿಣ್ವ, ಕೆಲವೇ ಮೈಕ್ರೋಗ್ರಾಂ. ಲೇಬಲ್ಲಿನ ಮೇಲೆ ‘ಮಾನವ’ ಎಂದಿತ್ತು. ಅದರ ಕೆಳಗೇ, ‘ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸುವಂತಿಲ್ಲ’.

ಮಾನವ ಅಂದರೆ ಯಾರ ಮೈಯಿಂದಲೂ ತೆಗೆದದ್ದಲ್ಲ. ಮನುಷ್ಯರ ಜೀನಿನ ಪ್ರತಿಯನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಮಾಡಿಸಿ, ಶುದ್ಧಗೊಳಿಸಿದ್ದು. ಬೇಳೆ, ಹಾಲಿನಿಂದ ನಮಗೆ ಸಿಗುವ ಟ್ರಿಪ್ಟೊಫಾನ್ ಸೆರೊಟೋನಿನ್ ಆಗುವ ದಾರಿಯಲ್ಲಿ ಮೊದಲ ಹೆಜ್ಜೆ ಇದರದ್ದು. ಎಲ್ಲಕ್ಕಿಂತ ನಿಧಾನದ ಹೆಜ್ಜೆಯೂ ಇದೇ. ಮೈಯ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಕರುಳಿನಲ್ಲಿದೆ. ಅದು ಮಿದುಳಿಗೆ ದಾಟುವುದಿಲ್ಲ. ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಅದಕ್ಕೆ ಬೇರೆಯೇ ಕಿಣ್ವವಿದೆಯೆಂದು ಗೊತ್ತಾದದ್ದು 2003ರಲ್ಲಿ. ಹೊರಗಿಟ್ಟರೆ ಬೇಗ ಕೆಡುತ್ತದೆಂದು ಅದನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಟ್ಟೆ.

ಅಪ್ಪ ತೀರಿಕೊಂಡ ಮೇಲೆ ಗದಗಿನಲ್ಲಿ ಅವ್ವ ಊಟ, ನಿದ್ದೆ ಬಿಟ್ಟಿದ್ದಳು. ಡಾಕ್ಟರು ಖಿನ್ನತೆಯೆಂದು ಗುಳಿಗೆ ಬರೆದುಕೊಟ್ಟರು. ಆಗ ನಾನು ಫೋನಿನಲ್ಲಿ ಹೇಳಿದ್ದೆ: “ಚಿಂತಿ ಮಾಡಬ್ಯಾಡ ಅವ್ವಾ. ತಲ್ಯಾಗ ಒಂದು ರಾಸಾಯನಿಕ ಕಮ್ಮಿ ಆಗೇತಿ, ಅಷ್ಟ.”

ಈ ಟ್ಯೂಬಿನ ಸುದ್ದಿ ಹೇಳಿದಾಗ ಅವ್ವ ನಕ್ಕಳು. ಆಮೇಲೆ ಕೇಳಿದಳು: “ನಿಮ್ಮಪ್ಪ ಇದ್ದಾಗ ಅದು ನನ್ನ ತಲ್ಯಾಗ ಎಷ್ಟಿತ್ತಂತ ಯಾರು ಅಳದಿದ್ರಪಾ? ಆಗ ಮಾತಾಡಾಕ ಒಬ್ರಿದ್ರು.”

ಯಾರೂ ಅಳೆದಿರಲಿಲ್ಲ. ಅಷ್ಟೇ ಅಲ್ಲ, ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲವೆಂದು 2022ರ ಒಂದು ದೊಡ್ಡ ವಿಮರ್ಶೆ ಹೇಳಿತು. ಅದರ ಬಗ್ಗೆ ವಾದವೂ ನಡೆಯಿತು. ಗುಳಿಗೆ ಸುಳ್ಳೆಂದು ಇದರರ್ಥವಲ್ಲ. ಅವ್ವನಿಗೆ ನಿದ್ದೆ ಮರಳಿದ್ದು ಅದರಿಂದಲೇ ಎಂದು ನಂಬಿದ್ದೇನೆ. ಆದರೆ ಕಷಾಯ ಕುಡಿದು ನೆಗಡಿ ಹಗುರಾಯಿತೆಂದ ಮಾತ್ರಕ್ಕೆ, ಕಷಾಯದ ಕೊರತೆಯಿಂದ ನೆಗಡಿ ಬಂದಿತ್ತು ಎನ್ನಲಾಗದು.

ಹಾಗಿದ್ದೂ ಆ ಮಾತು ನನಗೇಕೆ ಅಷ್ಟು ಹಿಡಿಸಿತ್ತು? ಅದರಲ್ಲಿ ಕರುಣೆಯಿತ್ತು, ನಿಜ. ‘ಮನಸ್ಸು ಗಟ್ಟಿ ಮಾಡ್ಕೋರಿ’ ಎಂದು ಬಂದವರೆಲ್ಲ ಅವ್ವನ ಮೇಲೆ ಹೊರಿಸುತ್ತಿದ್ದ ತಪ್ಪನ್ನು ಅದು ಇಳಿಸಿತು. ಆದರೆ ಅದೇ ಉಸಿರಿನಲ್ಲಿ ನನ್ನ ತಲೆಯ ಮೇಲಿನದನ್ನೂ ಇಳಿಸಿತು. ಕೊರತೆ ಅಣುವಿನದಾದರೆ ಯಾರೂ ರಜೆ ಹಾಕಬೇಕಿಲ್ಲ. ಗುಳಿಗೆಯನ್ನು ಇಲ್ಲಿಂದಲೇ ಮೊಬೈಲಿನಲ್ಲಿ ತರಿಸಿಕೊಡಬಹುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದಕ್ಕಿಂತ ಅನುಕೂಲದ ವಿಜ್ಞಾನ ಇನ್ನೊಂದಿಲ್ಲ.

ದುಃಖ ಹೇಗೆ ಉಂಟಾಗುತ್ತದೆ ಎಂಬುದು ಒಂದು ಪ್ರಶ್ನೆ. ದುಃಖದಲ್ಲಿರುವವರಿಗೆ ನಾನೇನು ಆಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಂದಾದರೂ ಪೂರ್ತಿ ಉತ್ತರ ಸಿಕ್ಕರೂ ಎರಡನೆಯದು ಹಾಗೇ ಉಳಿಯುತ್ತದೆ. ನಾನು ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದು ಪಾಸಾಗಲು ನೋಡಿದ್ದೆ.

“ಗುಳಿಗಿ ತಗೊಂಡ್ಯಾ?” ಎಂದು ಈಗಲೂ ಕೇಳುತ್ತೇನೆ, ಆದರೆ ಅದನ್ನೇ ಮೊದಲು ಕೇಳುವುದಿಲ್ಲ. ಈ ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಕಿಣ್ವ ಫ್ರೀಜರಿನಲ್ಲಿದೆ, ಸೋಮವಾರದವರೆಗೆ ಕೆಡುವುದಿಲ್ಲ.