ಹೊಂದದ ಅಳತೆ

ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಿಗ್ಗೆ ಏಳಕ್ಕೇ ನಾಲ್ಕು ಮಂದಿ ಟೇಪು ಹಿಡಿದು ಓಡಾಡುತ್ತಿದ್ದರೆ ಅವರು ಭಕ್ತರೂ ಅಲ್ಲ, ಸಿನಿಮಾದವರೂ ಅಲ್ಲ ಎಂದು ಊರಿನವರಿಗೆ ಗೊತ್ತು. ಮೈಸೂರಿಂದಲೋ ಬೆಂಗಳೂರಿಂದಲೋ ಬಂದ ಆರ್ಕಿಟೆಕ್ಚರ್ ಕಾಲೇಜಿನ ಮಕ್ಕಳು. ಒಬ್ಬ ಟೇಪಿನ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬಳು ಎಳೆದುಕೊಂಡು ಹೋಗಿ ಸಂಖ್ಯೆ ಕೂಗುತ್ತಾಳೆ, ಮೂರನೆಯವಳು ಬರೆದುಕೊಳ್ಳುತ್ತಾಳೆ. ನಾಲ್ಕನೆಯವನು ಫೋಟೊ ತೆಗೆಯುವ ನೆಪದಲ್ಲಿ ಮಂಟಪದ ನೆರಳು ಸೇರಿರುತ್ತಾನೆ. ಎಲ್ಲ ಗುಂಪಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ.

ಐದು ವರ್ಷದ ಈ ಕೋರ್ಸಿನಲ್ಲಿ ಉಳಿದ ದಿನವೆಲ್ಲ ಮೊದಲು ಕಾಗದ, ಆಮೇಲೆ ಕಟ್ಟಡ. ಇದೊಂದು ಪಾಠ ಮಾತ್ರ ತಿರುವುಮುರುವು. ಕಟ್ಟಡ ಮೊದಲೇ ನಿಂತಿದೆ, ಅದನ್ನು ಅಳೆದು ಕಾಗದಕ್ಕೆ ಇಳಿಸಬೇಕು. ‘ಮೆಶರ್ಡ್ ಡ್ರಾಯಿಂಗ್’ ಎನ್ನುತ್ತಾರೆ. ಕೇಳಲು ಸುಲಭ. ಮೆಟ್ಟಿಲಿಗೆ ಕೈ ಹಚ್ಚಿದ ಮೇಲೆ ತಿಳಿಯುತ್ತದೆ. ಒಂದೊಂದೇ ಮೆಟ್ಟಿಲನ್ನು ಬಿಡಿಬಿಡಿಯಾಗಿ ಅಳೆದು ಕೂಡುತ್ತ ಹೋದರೆ, ತಲಾ ಅರ್ಧ ಸೆಂಟಿಮೀಟರ್ ತಪ್ಪು 40 ಮೆಟ್ಟಿಲು ಇಳಿಯುವ ಹೊತ್ತಿಗೆ 20 ಸೆಂಟಿಮೀಟರ್ ಆಗಿ ಕೂತಿರುತ್ತದೆ. ಅದಕ್ಕೇ ಟೇಪಿನ ಸೊನ್ನೆಯನ್ನು ಒಂದೇ ಕಡೆ ಕದಲದಂತೆ ಹಿಡಿದು, ಎಲ್ಲ ಅಂಚುಗಳನ್ನೂ ಅಲ್ಲಿಂದಲೇ ಓದಿಕೊಂಡು ಹೋಗಿ ಎಂದು ಮೇಷ್ಟರು ಹೇಳುತ್ತಾರೆ. ಟೇಪು ಉದ್ದವಾದಷ್ಟೂ ನಡುವೆ ಜೋಲುತ್ತದೆ, ಜೋಲಿದಷ್ಟೂ ಸುಳ್ಳು ಹೇಳುತ್ತದೆ. ಇನ್ನು ನೀರಿನ ಕೆಳಗಿರುವ ಮೆಟ್ಟಿಲುಗಳ ಮಾತು ಬೇಡ. ಅವನ್ನು ಕಾಣಬೇಕಾದರೆ ಬೇಸಿಗೆಗೆ ಕಾಯಬೇಕು. ಸೆಮಿಸ್ಟರ್ ಕಾಯುವುದಿಲ್ಲ.

ಮೂಲೆ ನೇರ ಇದೆಯೋ ಇಲ್ಲವೋ ನೋಡಲು ನಮ್ಮ ಗಾರೆಯವರಿಗೆ ಒಂದು ಲೆಕ್ಕ ಬಾಯಿಪಾಠ. ಒಂದು ಗೋಡೆಗುಂಟ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕು. ಎರಡು ಗುರುತಿನ ನಡುವೆ ಐದಡಿ ಬಂದರೆ ಮೂಲೆಮಟ್ಟ ಸರಿ. ಮಕ್ಕಳು ಮಾಡುವುದೂ ಅದನ್ನೇ, ಕೊಂಚ ದೊಡ್ಡದಾಗಿ. ಕೊಳದ ನಾಲ್ಕು ಬದಿ ಅಳೆದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿಯೂ ಅಳತೆ ಬೇಕು. ಸಂಜೆ ಛತ್ರದ ಟ್ಯೂಬ್‌ಲೈಟಿನ ಕೆಳಗೆ ಕೂತು ಲೆಕ್ಕ ಹಾಕಿದರೆ ಹೊಂದುವುದಿಲ್ಲ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ. ತಪ್ಪಿದ್ದು ನಮ್ಮ ಟೇಪೋ, ಅಂದು ಕಟ್ಟಿದವರ ಹಗ್ಗವೋ? ಈ ಪ್ರಶ್ನೆ ಎದ್ದ ರಾತ್ರಿಯೇ ಪಾಠ ಶುರುವಾಗುವುದು ಎಂದು ನನಗನ್ನಿಸುತ್ತದೆ.

ಆದರೆ ಅಂಕ ಬೀಳುವುದು ಹಾಳೆ ತುಂಬ ಗೀಚಿದ ಆ ಒರಟು ಪುಸ್ತಕಕ್ಕಲ್ಲ, ಜ್ಯೂರಿಯ ಮುಂದೆ ತೂಗುಹಾಕುವ ಶುಭ್ರವಾದ ಶೀಟಿಗೆ. ಕಂಪ್ಯೂಟರಿನ ಡ್ರಾಯಿಂಗ್ ತಂತ್ರಾಂಶದಲ್ಲಿ ‘ಮಿರರ್’ ಎಂಬ ಆಜ್ಞೆಯಿದೆ. ಮಂಟಪದ ಎಡಗಡೆ ಬರೆದು ಆ ಗುಂಡಿ ಒತ್ತಿದರೆ ಬಲಗಡೆ ತಾನಾಗಿ ಮೂಡುತ್ತದೆ. ಒಂದು ಕಂಬ ಅಳೆದು ಹತ್ತು ಕಂಬ ಮಾಡಬಹುದು. ಗಂಟೆಗಳ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ, ಮೇಲುಕೋಟೆಯಲ್ಲಿ ಎಂದೂ ಇರದಿದ್ದ ಮಂಟಪವೊಂದು ಶೀಟಿನ ಮೇಲೆ ಎದ್ದು ನಿಲ್ಲುತ್ತದೆ. ಚೆನ್ನಾಗಿಯೂ ಕಾಣುತ್ತದೆ, ಅದೇ ತೊಂದರೆ. ಕಲ್ಲುಕುಟಿಗನ ಉಳಿ ಆ ಕಡೆ ಕಂಬದಲ್ಲಿ ಒಂದು ಗೆರೆ ಹೆಚ್ಚು ಎಳೆದಿದ್ದರೆ ಅದು ಹೋಯಿತು.

ಮಿರರ್ ಆಟ ನಡೆಯದ ಜಾಗವೂ ಇದೇ ಊರಿನಲ್ಲಿದೆ. ರಾಯಗೋಪುರವನ್ನು ತೆರೆಯ ಮೇಲೆ ನೋಡದ ಕನ್ನಡಿಗರು ಕಡಿಮೆ. ಆಕಾಶಕ್ಕೆ ಎದ್ದ ಕಲ್ಲುಕಂಬಗಳು, ಮೇಲೆ ಗೋಪುರವಿಲ್ಲ. ಈ ನಾಡಿನ ದೊಡ್ಡ ಗೋಪುರಗಳಲ್ಲಿ ಕೆಳಗಿನ ಭಾರ ಹೊರುವ ಭಾಗ ಕಲ್ಲಿನದು, ಮೇಲಿನ ಅಂತಸ್ತುಗಳು ತೂಕ ಹಗುರವಾಗಲೆಂದು ಇಟ್ಟಿಗೆ ಗಾರೆಯವು. ಮುಗಿದ ಗೋಪುರದಲ್ಲಿ ಗೊಂಬೆಗಳ ನಡುವೆ ಈ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಕಲ್ಲು ನಿಂತುಹೋದ ಕಡೆಯೇ ಪಾಠ ಬಯಲಾಗಿದೆ. ಪುಸ್ತಕದಲ್ಲಿ ಚಾಕುವಿನಿಂದ ಕುಯ್ದಂತೆ ಬರೆಯುವ ‘ಸೆಕ್ಷನ್’ ಚಿತ್ರವನ್ನು ಕಟ್ಟಿದವರೇ ಅರ್ಧ ಬರೆದಿಟ್ಟಂತೆ. ರಾಮಾನುಜರ ಶ್ರೀರಂಗದಲ್ಲೂ ಹೀಗೇ ಶತಮಾನಗಳಿಂದ ಮೊಟಕಾಗಿದ್ದ ರಾಜಗೋಪುರವನ್ನು 1987ರಲ್ಲಿ 13 ಅಂತಸ್ತು, 236 ಅಡಿಗೆ ಎತ್ತಿ ಮುಗಿಸಿದರು. ಅವರಿಗೆ ಶ್ರೇಯಸ್ಸಾಗಲಿ. ಮೇಲುಕೋಟೆಯದು ಹಾಗೇ ಇರಲಿ ಎಂಬುದು ನನ್ನ ಸ್ವಾರ್ಥ. ಇದನ್ನು ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟಿದ್ದರು, ಅಷ್ಟರಲ್ಲಿ ಬೆಳಗಾಯಿತು ಎಂಬಂಥ ಕಥೆ ಕೇಳಿದಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಸಬ್ಮಿಷನ್ನಿನ ಹಿಂದಿನ ರಾತ್ರಿ ಅವರಿಗೆ ಹೊಸದೇನಲ್ಲ.

ಗ್ರಾಫಿಕ್ ಡಿಸೈನ್ ಓದುವವರೂ ಈಚೆಗೆ ಇಂಥ ಊರುಗಳಿಗೆ ಬರುತ್ತಾರೆ. ಅವರಿಗೆ ಟೇಪು ಬೇಡ, ಕಣ್ಣು ಬೇಕು. ಪುಳಿಯೋಗರೆ ಅಂಗಡಿಯ ಕೈಬರಹದ ಬೋರ್ಡು, ಗೋಡೆಯ ಮೇಲಿನ ಶಂಖ ಚಕ್ರ, ನಡುವೆ ನಾಮ. ನಾಮವೆಂದರೆ ಬರಿಯ ಮೂರು ಗೆರೆ: ಎರಡು ಬಿಳಿ, ನಡುವೆ ಶ್ರೀಚೂರ್ಣದ ಒಂದು ಕೆಂಪು. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ ತೆಂಗಲೆಯವರ ನಾಮಕ್ಕೆ ಮೂಗಿನ ಮೇಲೆ ಇಳಿಯುವ ಒಂದು ಸಣ್ಣ ಪಾದ ಉಂಟು, ವಡಗಲೆಯವರದಕ್ಕೆ ಇಲ್ಲ. ರಬ್ಬರಿನಿಂದ ಒಂದು ಸಲ ಉಜ್ಜಿದರೆ ಹೋಗುವಷ್ಟು ಗೆರೆ. ಕಂಚಿಯಲ್ಲಿ ದೇವಸ್ಥಾನದ ಆನೆಯ ಹಣೆಗೆ ಯಾವ ನಾಮ ಇಡಬೇಕೆಂದು ಕೋರ್ಟಿನವರೆಗೂ ಹೋದದ್ದು ಇಷ್ಟೇ ಗೆರೆಗಾಗಿ.

ಹೋದ ಸಲ ನಾನು ಹೋಗಿದ್ದಾಗ ಒಬ್ಬ ಹುಡುಗಿ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಾನು ಮಾಡಿದ ಪೋಸ್ಟರನ್ನು ಮನೆಯ ಯಜಮಾನರಿಗೆ ತೋರಿಸುತ್ತಿದ್ದಳು. ಬಣ್ಣ ಸೊಗಸಾಗಿತ್ತು, ಅಕ್ಷರ ಸೊಗಸಾಗಿತ್ತು. ನಾಮವನ್ನು ಮಾತ್ರ ಅಂತರ್ಜಾಲದಿಂದ ಸಿದ್ಧವಾಗಿದ್ದದ್ದನ್ನು ಎತ್ತಿ ಇಟ್ಟಿದ್ದಳು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಎಲ್ಲ ಚೆನ್ನಾಗಿದೆ ಮಗು. ಪಾದ ಎಲ್ಲಿ ಹೋಯ್ತು?”

“ಯಾವ ಪಾದ ತಾತ?”

ಅವರು ಮಾತಾಡದೆ ತಮ್ಮ ಮೂಗಿನ ಮೇಲೆ ಬೆರಳಿಟ್ಟು ತೋರಿಸಿದರು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ, ಚೀಲದಿಂದ ಪೆನ್ಸಿಲ್ಲೂ ಪುಸ್ತಕವೂ ತೆಗೆದು, ಅವರ ಎದುರಿಗೆ ಕೂತಳು.