ಹಸಿರಾದ ಮೊಟ್ಟೆಗಳು

ಈಸ್ಟರ್ ಹತ್ತಿರವಾಗುತ್ತಿದ್ದಂತೆ ಮಂಗಳೂರು, ಬೆಂಗಳೂರಿನ ಬೇಕರಿಗಳ ಗಾಜಿನ ಹಿಂದೆ ಸಕ್ಕರೆಯ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ. ಮೇಲೆ ಪುಟ್ಟ ಹೂವು, ಎಲೆ, ನಾಲ್ಕು ಅಕ್ಷರ. ಹಬ್ಬದ ಭಾನುವಾರ ಕಳೆಯಿತೆಂದರೆ ಅವನ್ನು ಕೇಳುವವರು ಕಡಿಮೆ. ಬಣ್ಣ ಮಾಸಿರುವುದಿಲ್ಲ, ಸಿಹಿ ತಗ್ಗಿರುವುದಿಲ್ಲ, ದಿನ ಮಾತ್ರ ದಾಟಿರುತ್ತದೆ.

ಈ ಮೊಟ್ಟೆಗಳನ್ನು ಮಕ್ಕಳಿಗೆ ತಂದುಕೊಡುವುದು ಮೊಲ ಎಂಬ ಕಥೆಯನ್ನು ಅಮೆರಿಕಕ್ಕೆ ಒಯ್ದವರು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನರು. ಅಲ್ಲಿನ ಕಾರ್ಟೂನುಗಳು ಆ ಮೊಲವನ್ನು ಬಗೆಬಗೆಯಾಗಿ ಕಂಡಿವೆ. 1934ರ ಡಿಸ್ನಿ ಚಿತ್ರದ ಮೊಲಗಳು ಕಾಮನಬಿಲ್ಲಿನಿಂದಲೇ ಬಣ್ಣ ತುಂಬಿಕೊಂಡು ಬರುತ್ತವೆ. 1947ರ ‘ಈಸ್ಟರ್ ಯೆಗ್ಸ್’ನಲ್ಲಿ ಕಾಲುನೋವೆಂದು ಅಳುತ್ತ ಕೂತ ಈಸ್ಟರ್ ಮೊಲವನ್ನು ಕಂಡು ಮರುಗಿ, ಬಗ್ಸ್ ಬನ್ನಿ ಎಂಬ ಇನ್ನೊಂದು ಮೊಲ ಅದರ ಬುಟ್ಟಿ ಹೊರುತ್ತದೆ. ಪ್ರತಿ ವರ್ಷ ಯಾರದಾದರೂ ತಲೆಗೆ ಕೆಲಸ ಕಟ್ಟುವುದೇ ಈಸ್ಟರ್ ಮೊಲದ ರೂಢಿಯಂತೆ! ಆದರೆ ನನಗೆ ಹೆಚ್ಚು ಹತ್ತಿರದವನು ಪೀಟರ್ ಕಾಟನ್‌ಟೇಲ್.

1971ರಲ್ಲಿ ರ‍್ಯಾಂಕಿನ್-ಬಾಸ್ ಸಂಸ್ಥೆ ಟಿವಿಗಾಗಿ ಮಾಡಿದ ಗೊಂಬೆ ಚಿತ್ರದ ಮೊಲ ಅವನು. ಗೊಂಬೆಯ ಕೈಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು. ಅಷ್ಟು ತಾಳ್ಮೆಯ ಕೆಲಸ. ಹೆಚ್ಚು ಮೊಟ್ಟೆ ಹಂಚಿದವನೇ ಮುಖ್ಯ ಈಸ್ಟರ್ ಮೊಲ ಎಂಬ ಪಂದ್ಯ. ಹಿಂದಿನ ರಾತ್ರಿ ಸಂಭ್ರಮದಲ್ಲಿ ಮೈಮರೆತ ಪೀಟರ್ ಬೆಳಗ್ಗೆ ಏಳುವುದೇ ಇಲ್ಲ. ಎಬ್ಬಿಸಬೇಕಿದ್ದ ಹುಂಜಕ್ಕೆ ಎದುರಾಳಿ ಐರನ್‌ಟೇಲ್ ಬಬಲ್ ಗಮ್ ತಿನ್ನಿಸಿರುತ್ತಾನೆ; ಅದರ ಕೂಗೆಲ್ಲ ಗುಳ್ಳೆಯಾಗಿ ಹೋಗುತ್ತದೆ. ಪಂದ್ಯ ಸೋತ ಪೀಟರ್ ನಾಚಿ ಊರು ಬಿಡುತ್ತಾನೆ. ಹುಂಜದ ಮೇಲೆ ತಪ್ಪು ಹೊರಿಸಿ ಮನೆಯಲ್ಲೇ ಕೂರಬಹುದಿತ್ತು. ಬದಲಿಗೆ ಕಾಲದಲ್ಲಿ ಹಿಂದೆಮುಂದೆ ಓಡುವ ಯಂತ್ರವೊಂದನ್ನೇರಿ ಬೇರೆ ಹಬ್ಬಗಳಲ್ಲಾದರೂ ಮೊಟ್ಟೆ ಕೊಟ್ಟುಬರಲು ನೋಡುತ್ತಾನೆ. ಆದರೆ ಕ್ರಿಸ್‌ಮಸ್ ದಿನ ಈಸ್ಟರ್ ಮೊಟ್ಟೆ ಯಾರಿಗೆ ಬೇಕು? ಬುಟ್ಟಿ ಬಹುಪಾಲು ತುಂಬಿಯೇ ಉಳಿಯುತ್ತದೆ. ಸಾಲದ್ದಕ್ಕೆ ಐರನ್‌ಟೇಲ್‌ನ ಕಡೆಯವರು ಮಾಟ ಹಾಕಿ ಮೊಟ್ಟೆಗಳನ್ನೆಲ್ಲ ಒಳಗೂ ಹೊರಗೂ ಹಸಿರಾಗಿಸಿಬಿಡುತ್ತಾರೆ. ಕೊನೆಗೆ ಪೀಟರ್ ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ, ಮಾರ್ಚ್ 17ಕ್ಕೆ, ಹೋಗಿ ನಿಲ್ಲುತ್ತಾನೆ. ಅಂದು ಐರಿಷ್ ಜನರಿಗೆ ಎಲ್ಲವೂ ಹಸಿರಾಗಿರಬೇಕು. ಎಲ್ಲೂ ಸಲ್ಲದ ಮೊಟ್ಟೆಗಳು ಅಲ್ಲಿ ಒಂದೂ ಉಳಿಯದೆ ಖಾಲಿಯಾಗುತ್ತವೆ.

ಪೀಟರ್‌ಗೆ ಕೊನೆಗೆ ಒದಗಿದ್ದು ಕೊಡಲು ತಕ್ಕ ಕಾಲ. ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕೆಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ನಾವು ಪಾತ್ರವನ್ನು ಬಹಳ ಅಳೆಯುತ್ತೇವೆ, ಕಾಲವನ್ನು ಅಷ್ಟಾಗಿ ಗಮನಿಸುವುದಿಲ್ಲ. ಕಾಲ ಮೀರಿತೆಂದರೆ ಇನ್ನು ಹೋಗಿ ಏನು ಮುಖ ತೋರಿಸುವುದು ಎಂದು ಹೋಗಬೇಕಿದ್ದ ಮನೆಯ ದಾರಿಯನ್ನೇ ಬಿಟ್ಟುಬಿಡುತ್ತೇವೆ. ಇಲ್ಲವೆ, ಅಂದು ಹೇಳಬೇಕಿದ್ದ ಮಾತನ್ನೇ ತಡವಾಗಿ ಹೊತ್ತು ಹೋಗಿ, ಆರುತ್ತಿರುವ ನೋವನ್ನು ಮತ್ತೆ ಕೆದಕುತ್ತೇವೆ. ಪರಿಚಿತರೊಬ್ಬರು ತೀರಿಕೊಂಡಾಗ ಹೋಗಲಾಗಲಿಲ್ಲ ಎನ್ನಿ. ಎರಡು ತಿಂಗಳಾಗಿದೆ. ಬಂದ ನೆಂಟರೆಲ್ಲ ಊರು ಸೇರಿದ್ದಾರೆ. ಆ ಮನೆಯಾಕೆಗೆ ಈಗ ಸಾಂತ್ವನದ ಮಾತಿಗಿಂತ, ಕುಟುಂಬ ಪಿಂಚಣಿಯ ಅರ್ಜಿ ತುಂಬಿ, ಬ್ಯಾಂಕಿನ ಸಾಲಿನಲ್ಲಿ ಜೊತೆಗೆ ನಿಲ್ಲುವವರು ಬೇಕಾಗಿರಬಹುದು. ಮರಣ ಪ್ರಮಾಣಪತ್ರದ ನಾಲ್ಕು ಪ್ರತಿ ತೆಗೆಸಿಟ್ಟುಕೊಂಡಿದ್ದೀರಾ ಎಂದು ಕೇಳಿಕೊಂಡೇ ಒಳಗೆ ಹೋಗಬಹುದು.